ಇಸ್ತ್ರಿ ಮರುಳಪ್ಪನ ಒಳಗಿನ ಒಲೆಗಳು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಹೇಳು ಅನ್ನುವುದಿಲ್ಲ, ನಡೆದು ತೋರಿಸು ಅನ್ನುವುದಿಲ್ಲ. ಅವಳ ಅಂಗೈ ಮೇಲೆ ಒಂದು ಹಪ್ಪಳ ಇಡುತ್ತಾರೆ. ಅಂಗೈಯ ಕಾವಿಗೆ ಹಪ್ಪಳ ಅರಳಿದರೆ ಸಂಬಂಧ ಗಟ್ಟಿ. ಅಂಚು ಅರಳಿ ನಡುವೆ ಹಸಿ ಉಳಿದರೆ, ಜಾತಕ ಕೂಡಿಬರಲಿಲ್ಲ ಅಂತ ಹೇಳಿ ಉಪ್ಪಿಟ್ಟು ತಿಂದು ಎದ್ದುಹೋಗುತ್ತಾರೆ. ಗಂಡಿಗೂ ಇದೇ ಪರೀಕ್ಷೆ. ಆದರೆ ಗಂಡಿನ ಕಡೆಯವರು ಹಪ್ಪಳವನ್ನು ತಾವೇ ತರುತ್ತಾರೆ, ತೆಳ್ಳಗಿನದು. ಇದು ನನಗೆ ಹೇಗೆ ಗೊತ್ತೆಂದರೆ, ಊರಿಗೆಲ್ಲ ಹಪ್ಪಳ ಲಟ್ಟಿಸಿ ಮಾರುವವಳು ನಾನೇ. ಮದುವೆಯ ಕಾಲ ಬಂತೆಂದರೆ ಗಂಡು ಹೆತ್ತವರು ಹಿತ್ತಲ ಬಾಗಿಲಿಂದ ಬಂದು, "ಗಂಗಕ್ಕಾ, ವಸಿ ನೋಡ್ಕೊಂಡು ಲಟ್ಟಿಸು, ನಮ್ಮುಡುಗಂಗೆ ಬಲೇ ಸಂಕೋಚ" ಅನ್ನುತ್ತಾರೆ. ಸಂಕೋಚಕ್ಕೂ ಅಂಗೈಗೂ ಏನು ಸಂಬಂಧ ಅಂತ ನಾನು ಕೇಳುವುದಿಲ್ಲ. ಬೆಳಕಿಗೆ ಹಿಡಿದರೆ ಆಚೆಯವರ ಮುಖ ಕಾಣುವಂಥ ಹಪ್ಪಳ ಮಾಡಿಕೊಡುತ್ತೇನೆ. ಮದುವೆಯೊಂದು ಆಗಲಿ, ಆಮೇಲಿನ ಕಾವು ಅವರವರ ಹಣೆಬರಹ.

ನಮ್ಮ ಯಜಮಾನರು ಮರುಳಪ್ಪನವರಿಗೆ ಈ ಯಾವ ಉಪಕಾರವೂ ಬೇಕಾಗಿರಲಿಲ್ಲ. ನಮ್ಮಪ್ಪ ಬೇಕೆಂದೇ ರೊಟ್ಟಿಯಷ್ಟು ದಪ್ಪದ ಹಪ್ಪಳ ತೆಗೆದುಕೊಂಡು ಹೋಗಿದ್ದರು. ಇವರ ಅಂಗೈಯಲ್ಲಿ ಅದು ಅರಳುವ ಗೊಡವೆಗೇ ಹೋಗದೆ ನೇರವಾಗಿ ಕರಿಕಲಾಯಿತು. "ಸೀಯೋ ಮನೆಗೆ ಕೊಟ್ರೂ ಪರವಾಗಿಲ್ಲ, ತಣ್ಣಗಿರೋ ಮನೆಗೆ ಕೊಡಬಾರದು" ಅಂದರು ಅಪ್ಪ. ಬಸ್ ನಿಲ್ದಾಣದ ಪಕ್ಕ ಹೊಂಗೆ ಮರದಡಿ ಇವರದು ಇಸ್ತ್ರಿ ಮೇಜು. ಬಟ್ಟೆಗೆ ನೀರು ಚಿಮುಕಿಸಿ, ಎಡಗೈಯಲ್ಲಿ ಹರಡಿ, ಬರಿಯ ಬಲಗೈಯನ್ನು ಒಂದು ಸಲ ಎಳೆದರೆಂದರೆ ರೇಷ್ಮೆ ಸೀರೆ ಕೂಡ ಗದ್ದಲ ಮಾಡದೆ ಮಲಗುತ್ತಿತ್ತು. ಬೀಡಿ ಹಚ್ಚಲು ಬೆಂಕಿಪೊಟ್ಟಣ ಬೇಕಿರಲಿಲ್ಲ, ತೋರುಬೆರಳಿಗೆ ಮುಟ್ಟಿಸಿದರೆ ಸಾಕಿತ್ತು. ಬೆಂಕಿಪೊಟ್ಟಣ ಕೊಳ್ಳಬೇಕಾಗಿ ಬಂದಿದ್ದರೆ ಈ ಜಿಪುಣ ಅಷ್ಟೊಂದು ಬೀಡಿ ಸೇದುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಮೊದಲು ಬಂದದ್ದು ಕೆಮ್ಮು. ಆಮೇಲೆ ಪಟೇಲ ಚಿಕ್ಕಹೊನ್ನಪ್ಪನವರ ಪಂಚೆ ಸುಕ್ಕು ಸುಕ್ಕಾಗಿ ವಾಪಸ್ಸು ಹೋಯಿತು. ಪಟೇಲರು ಅದನ್ನು ಉಟ್ಟುಕೊಂಡೇ ಮೇಜಿನ ಹತ್ತಿರ ಬಂದು ನಿಂತರು. "ಏನೋ ಮರುಳಪ್ಪ, ಎಮ್ಮೆ ಅಗಿದಂಗೈತೆ?" ಇವರು ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡರು. ಅಂದು ಮನೆಗೆ ಬಂದಾಗ ಹಿಡಿದು ನೋಡಿದೆ. ಮನುಷ್ಯರ ಕೈ ಹಾಗಿರಬಾರದು. ನಮ್ಮೂರಲ್ಲಿ ಅಂಗೈ ತಣ್ಣಗಾದ ಮೇಲೆ ಯಾರೂ ಬಹಳ ದಿನ ಉಳಿದದ್ದನ್ನು ನಾನು ಕಂಡಿಲ್ಲ. ನಮ್ಮತ್ತೆಯವರೂ ಹಾಗೇ ಹೋದದ್ದು. ಮಾರನೆಯ ದಿನವೇ ಹೊಳೆಯಾಚೆಯ ದೊಡ್ಡೂರಿನ ಆಸ್ಪತ್ರೆಗೆ ಬಸ್ಸು ಹತ್ತಿಸಿದೆ.

ಅಲ್ಲಿದ್ದದ್ದು ಡಾಕ್ಟರ್ ತಬಸ್ಸುಮ್ ಅಂತ, ಇನ್ನೂ ಎಳೆಯ ಹೆಣ್ಣುಮಗಳು. ಇವರ ನಾಡಿ ಹಿಡಿದಾಗ ಅವಳ ಕೈಯೂ ತಣ್ಣಗಿದ್ದುದು ಕಂಡು ಯಜಮಾನರು ನನ್ನ ಕಿವಿಯಲ್ಲಿ, "ಪಾಪ, ಈ ಮಗೀಗೂ ನಂದೇ ಕಾಯಿಲೆ" ಅಂದರು. ಹೊರಗಿನವರ ಕೈ ಹುಟ್ಟಿನಿಂದಲೇ ಹಾಗೆ ಅಂತ ಎಷ್ಟು ಹೇಳಿದರೂ ಇವರಿಗೆ ನಂಬಿಕೆಯಿಲ್ಲ. ಫೋಟೋ ತೆಗೆಸಿ, ಸೂಜಿ ಹಾಕಿ ಚೂರು ತೆಗೆದು ನೋಡಿ, ಕೊನೆಗೆ ಡಾಕ್ಟ್ರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ನೇರವಾಗಿ ಹೇಳಿದಳು. ಶ್ವಾಸಕೋಶದಲ್ಲಿ ಗಡ್ಡೆ. ಕ್ಯಾನ್ಸರ್. ನಿಂಬೆಹಣ್ಣಿನ ಗಾತ್ರ.

ಯಜಮಾನರು ಗೋಡೆ ನೋಡುತ್ತ ಕೂತರು. ನಾನು, "ಏನು ಮಾಡಬೇಕು ಹೇಳಿ" ಅಂದೆ.

"ನಮ್ಮ ರಕ್ತದಲ್ಲಿ ಕಾವಲುಗಾರರು ಇರ್ತಾರೆ ಅಮ್ಮ. ಕೆಟ್ಟದ್ದು ಕಂಡ್ರೆ ಹೊಡೀತಾರೆ. ಈ ಗಡ್ಡೆ ಅವರಿಗೆ ಸುಮ್ಮನೆ ಕೂತ್ಕೊಳ್ಳಿ ಅಂತ ಸನ್ನೆ ಮಾಡಿ ಕೂರಿಸಿಬಿಟ್ಟಿದೆ. ಇಮ್ಯುನೋಥೆರಪಿ ಅಂತ ಒಂದು ಡ್ರಿಪ್ ಕೊಟ್ರೆ ಆ ಸನ್ನೆ ಅವರಿಗೆ ಕಾಣಲ್ಲ. ಎದ್ದು ಹೊಡೆಯೋಕೆ ಹೋಗ್ತಾರೆ."

"ಮತ್ತೇನು ಯೋಚನೆ, ಕೊಡಿ."

"ಎಲ್ಲರಿಗೂ ಹಿಡಿಯಲ್ಲ. ಎದ್ದು ಹೊಡೆಯೋಕೆ ಅವರ ಮೈಯಲ್ಲಿ ಶಕ್ತಿ ಬೇಕಲ್ಲ? ಒಬ್ಬೊಬ್ಬ ಕಾವಲುಗಾರನ ಒಳಗೂ ಸಣ್ಣ ಸಣ್ಣ ಒಲೆಗಳಿರುತ್ತೆ. ಮೈಟೊಕಾಂಡ್ರಿಯ ಅಂತೀವಿ. ಶಕ್ತಿ ಬರೋದು ಅಲ್ಲಿಂದ. ಕೆಲವು ಗಡ್ಡೆಗಳು ಎಂಥ ಕಳ್ಳ ಅಂದ್ರೆ, ತಮ್ಮ ಕೆಟ್ಟುಹೋದ ಒಲೆಗಳನ್ನ ಕಾವಲುಗಾರರಿಗೆ ದಾಟಿಸಿ, ಅವರ ಒಳ್ಳೆ ಒಲೆಗಳನ್ನ ಎಳ್ಕೊಂಡುಬಿಡುತ್ತವೆ."

ಇದು ನನಗೆ ಚೆನ್ನಾಗಿ ಅರ್ಥವಾಯಿತು. ಪಕ್ಕದ ಮನೆ ಪುಟ್ಟನರಸಮ್ಮ ಹಬ್ಬಕ್ಕೆ ಅಂತ ನನ್ನ ಹೊಸ ಲಟ್ಟಣಿಗೆ ತೆಗೆದುಕೊಂಡು ಹೋಗಿ, ತನ್ನ ಸೀಳುಬಿಟ್ಟದ್ದನ್ನು ತಂದುಕೊಟ್ಟಿದ್ದಳು. ಅದನ್ನು ಹೇಳಿದೆ. "ಅದೇ, ಅದೇ" ಅಂದಳು ಡಾಕ್ಟ್ರಮ್ಮ. "ಆ ಲಟ್ಟಣಿಗೆಯಲ್ಲಿ ನೀವು ಎಷ್ಟು ಹಪ್ಪಳ ಲಟ್ಟಿಸ್ತೀರಿ? ಹಾಗೇ ಅವರೂ. ಅದಕ್ಕೇ ಇನ್ನೊಂದು ಚೂರು ತೆಗೆದು, ರಕ್ತವೂ ತಗೊಂಡು, ಕಾವಲುಗಾರರ ಒಲೆಗಳು ಹೇಗಿವೆ ಅಂತ ಮೊದಲು ನೋಡ್ಬೇಕು. ಹಿಡಿಯದ ಔಷಧಿ ಕೊಟ್ಟು ಕಾಯ್ತಾ ಕೂತ್ರೆ ಇರೋ ಸಮಯವೂ ಹೋಗುತ್ತೆ. ಬೇರೆ ಔಷಧಿ ಶುರು ಮಾಡೋಕೆ ತಡವಾಗುತ್ತೆ."

"ಕಳ್ಳತನ ಮಾಡಾಕೆ ಅದಕ್ಕೆ ನನ್ನ ಎದೆಯೇ ಬೇಕಿತ್ತಾ" ಅಂದರು ಯಜಮಾನರು, ಗೋಡೆಗೆ.

ಊರಿಗೆ ಬಂದು ನಾನು ಯಾರಿಗೂ ಹೇಳಲಿಲ್ಲ. ಆದರೆ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಪುಟ್ಟನರಸಮ್ಮನ ತಮ್ಮ ಇದ್ದ. ಸಂಜೆಯೊಳಗೆ ಸುದ್ದಿ ಊರು ಸುತ್ತಿ, ಮೈ ತುಂಬಿಕೊಂಡು, ನಮ್ಮ ಬಾಗಿಲಿಗೇ ಬಂತು. "ಒಲೆ ಪರೀಕ್ಷೆ ಮಾಡ್ತಾರಂತಲ್ಲೇ ಗಂಗಾ, ತಣ್ಣಗಿದ್ರೆ ಔಷಧಿ ಕೊಡಾಕಿಲ್ಲವಂತೆ?" ಅಂದಳು ಪುಟ್ಟನರಸಮ್ಮ. ಅದು ಅಂಗೈ ಕಾವಲ್ಲ, ಕಣ್ಣಿಗೆ ಕಾಣದ ಕಾವಲುಗಾರರ ಒಳಗಿನ ಒಲೆ ಅಂತ ನಾನು ತಿಳಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಒಳಗಿರೋದೇ ತಾನೇ ಹೊರಕ್ಕೆ ಬರೋದು?" ಅಂದಳು.

ನಮ್ಮ ಕಡೆ ಒಂದು ಪದ್ಧತಿ. ಕಾಯಿಲೆಯವರನ್ನು ನೋಡಲು ಹೋಗುವಾಗ ಹಣ್ಣು ಒಯ್ಯುವುದಿಲ್ಲ, ಕಾವು ಕೊಡುತ್ತೇವೆ. ಅಂಗೈಗೆ ಅಂಗೈ ಕೂಡಿಸಿ ಹಿಡಿದರೆ ನಮ್ಮದು ಅವರಿಗೆ ಇಳಿಯುತ್ತದೆ. ಕೊಟ್ಟವರು ಒಂದೆರಡು ದಿನ ಕಾಲುಚೀಲ ಹಾಕಿಕೊಂಡು, ನೆರೆಮನೆಯಲ್ಲಿ ಸಾರು ಬಿಸಿ ಮಾಡಿಸಿಕೊಂಡು ಇರುತ್ತಾರೆ. ಇಸಿದುಕೊಂಡವರು ಅದನ್ನು ವಾಪಸ್ಸು ಕೊಡುವಂತಿಲ್ಲ. ಕೊಟ್ಟರೆ ಉಂಡ ಮನೆಯ ಎಲೆಯಲ್ಲಿ ಉಗಿದ ಹಾಗೆ.

ಪರೀಕ್ಷೆಯ ದಿನ ಬೆಳಿಗ್ಗೆ ನಾನು ಬುತ್ತಿ ಕಟ್ಟುತ್ತಾ ಹಿಂದುಳಿದೆ. ಇವರು ಮುಂದೆ ಹೋಗಿ ಬಸ್ಸಿಗೆ ಕಾಯುತ್ತೇನೆಂದು ಹೊರಟರು. ಮನೆಯಿಂದ ಬಸ್ ನಿಲ್ದಾಣಕ್ಕೆ ಒಂದೇ ಬೀದಿ. ನಾನು ಹೋಗಿ ನೋಡುತ್ತೇನೆ, ಯಜಮಾನರು ಹೊಂಗೆ ಮರಕ್ಕೆ ಒರಗಿ ಗಟ್ಟಿಯಾಗಿ ಹಾಡು ಹೇಳುತ್ತಿದ್ದಾರೆ. ಮುಖ ಕುಂಕುಮದ ಬಣ್ಣ. "ಇವಳೇ, ಮೀಸೆ ಬಂದ ಕಾಲಕ್ಕೆ ವಾಪಸ್ ಹೋದಂಗೈತೆ ಕಣೇ" ಅಂದರು. ಆಸ್ಪತ್ರೆಗೆ ಹೋಗುವ ಸಂತೋಷ ಅಂದುಕೊಂಡೆ. ಎಂಥ ಪೆದ್ದಿ ನಾನು! ಬಸ್ಸಿನಲ್ಲಿ ಇವರ ಪಕ್ಕ ಕೂತವರು ಒಬ್ಬೊಬ್ಬರೇ ಎದ್ದು ಹಿಂದಕ್ಕೆ ಹೋದರು. ಹೊಳೆ ಸೇತುವೆ ದಾಟುವಾಗ ಸೀಟಿನ ರೆಕ್ಸಿನ್ ಪಂಚೆಗೆ ಅಂಟಿಕೊಂಡಿತ್ತು, ಇಳಿಯುವಾಗ ಕಂಡಕ್ಟರೂ ನಾನೂ ಸೇರಿ ಬಿಡಿಸಿದೆವು.

ನರ್ಸ್ ಬಾಯಿಗೆ ಥರ್ಮಾಮೀಟರ್ ಇಟ್ಟಳು, ತೆಗೆದು ನೋಡಿದಳು, ಕೊಡವಿದಳು, ಇನ್ನೊಂದು ಇಟ್ಟಳು. ಆಮೇಲೆ ಓಡಿದಳು. ಡಾಕ್ಟರ್ ತಬಸ್ಸುಮ್ ಓಡಿಬಂದಳು. ಇನ್‌ಫೆಕ್ಷನ್ ಇರಬೇಕು, ತಕ್ಷಣ ಅಡ್ಮಿಟ್ ಮಾಡಿ, ಇವತ್ತು ಸೂಜಿ ಗೀಜಿ ಏನೂ ಬೇಡ, ಒದ್ದೆ ಬಟ್ಟೆ ತನ್ನಿ ಅಂತ ಕೂಗಾಡಿದಳು. ಒದ್ದೆ ಬಟ್ಟೆ ಹಾಕಿದರೆ ಚುಂಯ್ ಅಂತು. ಇಷ್ಟರಲ್ಲಿ ನನಗೆ ಹೊಳೆದಿತ್ತು.

"ಡಾಕ್ಟ್ರಮ್ಮಾ, ಇದು ಜ್ವರ ಅಲ್ಲ. ನಮ್ಮೂರೋರು."

ಯಜಮಾನರನ್ನು ಕೇಳಿದೆ, "ನಿಜ ಹೇಳಿ, ಯಾರ್‍ಯಾರು ಕೈ ಹಿಡಿದ್ರು?"

"ಯಾರು ಹಿಡೀಲಿಲ್ಲ ಅಂತ ಕೇಳು" ಅಂದರು. ಕ್ಷೌರದ ಅಂಗಡಿ, ಹಿಟ್ಟಿನ ಗಿರಣಿ, ಹೋಟೆಲು, ಒಂದೂ ತಪ್ಪಿಲ್ಲ. ಪುಟ್ಟನರಸಮ್ಮ ಎರಡು ಸಲ ಹಿಡಿದಿದ್ದಳಂತೆ, ಮರೆತವಳ ಹಾಗೆ. ಸ್ವಂತ ಅತ್ತೆಗೂ ಕಾವು ಕೊಡದ ಪಟೇಲ ಚಿಕ್ಕಹೊನ್ನಪ್ಪನವರು ಜಗಲಿಯಿಂದ ಇಳಿದುಬಂದು, "ಪಂಚೆ ವಿಚಾರ ಮನಸಲ್ಲಿ ಇಟ್ಕೋಬ್ಯಾಡ ಕಣೋ" ಅಂತ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರಂತೆ.

ಕಾವು ಕೊಡುವ ಪದ್ಧತಿಯನ್ನು ನಾನು ತಿಳಿಸಿ ಹೇಳಿದ ಮೇಲೆ ಡಾಕ್ಟ್ರಮ್ಮ ಕುರ್ಚಿಯಲ್ಲಿ ಕುಸಿದು ಕೂತಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. "ಅಮ್ಮಾ, ಇಷ್ಟು ಜನರ ಕಾವು ಬೆರೆತ ರಕ್ತದಲ್ಲಿ ಇವರ ಒಲೆ ಯಾವುದು ಅಂತ ನಾನು ಹೇಗೆ ನೋಡ್ಲಿ? ಒಳಗೆ ಒಲೆ ಕೆಟ್ಟಿದ್ರೂ ಚೆನ್ನಾಗಿ ಕಾಣುತ್ತೆ. ಹಿಡಿಯುತ್ತೆ ಅಂತ ಔಷಧಿ ಕೊಡ್ತೀನಿ, ಹಿಡಿಯಲ್ಲ. ನಷ್ಟ ಯಾರಿಗೆ? ಮುಂದಿನ ವಾರ ಬನ್ನಿ. ಇವರ ಸ್ವಂತ ಕಾವು ಎಷ್ಟಿದೆಯೋ ಅಷ್ಟೇ ಇರಬೇಕು. ಅದಕ್ಕಿಂತ ತಡ ಆಗೋ ಹಾಗಿಲ್ಲ, ಗಡ್ಡೆ ಕಾಯಲ್ಲ."

ಊರಿಗೆ ಬರುವ ದಾರಿಯಲ್ಲೆಲ್ಲ ನನಗೆ ಒಂದೇ ಯೋಚನೆ. ವಾಪಸ್ಸು ಕೊಡುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಹಾಗಾದರೆ ಉಳಿದದ್ದು ಒಂದೇ, ಖರ್ಚು ಮಾಡುವುದು. ಬಸ್ಸು ಇಳಿದವಳೇ ಹೊಂಗೆ ಮರದಡಿ ನಿಂತು ಕೂಗಿ ಹೇಳಿದೆ. "ನಿಮ್ಮ ಪ್ರೀತಿಯಿಂದ ಪರೀಕ್ಷೆ ನಿಂತೋಗೈತೆ. ಯಾರ್‍ಯಾರ ಮನೇಲಿ ಏನೇನು ಸುಕ್ಕಾಗೈತೋ ಎಲ್ಲಾ ತನ್ನಿ."

ಬಂತು ನೋಡಿ ಬಟ್ಟೆ! ಮದುವೆಯ ಸೀರೆಗಳು, ಸತ್ತ ತಾತನ ಕೋಟು, ಶಾಲೆಯ ಪರದೆ, ಗಿರಣಿಯ ಗೋಣಿಚೀಲ. ಯಜಮಾನರು ಸ್ಟೂಲಿನ ಮೇಲೆ ಕೂತು, ಕೆಮ್ಮು ಬಂದಾಗ ನಿಲ್ಲಿಸಿ, ಮತ್ತೆ ಶುರು ಮಾಡಿ, ಕೈ ಎಳೆದರು. ಅಷ್ಟು ಖುಷಿಯಾಗಿ ಇವರು ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ಬಟ್ಟೆ ಮುಗಿದ ಮೇಲೆ ನನ್ನ ಒಂದು ಬುಟ್ಟಿ ಹಪ್ಪಳ ಸುಟ್ಟುಕೊಟ್ಟರು. ಪಟೇಲರ ಪಂಚೆಗೆ ವಿಶೇಷ ಮರ್ಯಾದೆ ಅಂತ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಒತ್ತಿದ್ದರಿಂದ, ಹಿಂಭಾಗದಲ್ಲಿ ಐದು ಬೆರಳೂ ಕಂದು ಬಣ್ಣದಲ್ಲಿ ಮೂಡಿಬಿಟ್ಟವು. ಪಟೇಲರು ತಿರುಗಿಸಿ ತಿರುಗಿಸಿ ನೋಡಿದರು. "ಇರ್ಲಿ ಬುಡು. ಹೊಡೆಸ್ಕೊಂಡಂಗೆ ಕಾಣುತ್ತೆ, ಅಷ್ಟೇ ತಾನೇ?" ಅಂತ ಮಡಿಚಿಟ್ಟುಕೊಂಡರು.

ಆ ವಾರವೆಲ್ಲ ನಾನು ಬಾಗಿಲಲ್ಲೇ ಹಪ್ಪಳ ಲಟ್ಟಿಸಿದೆ. ಬಂದವರು ದೂರ ನಿಂತು ಮಾತಾಡಬೇಕು. ಒಳ್ಳೆಯ ಜನರನ್ನು ತಡೆಯುವುದು ಕೆಟ್ಟವರನ್ನು ತಡೆಯುವುದಕ್ಕಿಂತ ಕಷ್ಟ. ಕೆಟ್ಟವನಿಗೆ ತಾನು ಬಂದದ್ದು ಯಾತಕ್ಕೆ ಅಂತ ಗೊತ್ತಿರುತ್ತದೆ, ಗದರಿದರೆ ಹೋಗುತ್ತಾನೆ. ಒಳ್ಳೆಯವರು ಕಣ್ಣೀರು ಹಾಕುತ್ತಾರೆ. ಎರಡನೆಯ ಸಲ ಆಸ್ಪತ್ರೆಗೆ ಹೊರಟಾಗ ಕೈಯಲ್ಲಿ ಲಟ್ಟಣಿಗೆ ಹಿಡಿದುಕೊಂಡು ನಾನೇ ಮುಂದೆ ನಡೆದೆ. ಬೀದಿಯುದ್ದಕ್ಕೂ ಜನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಹೋಗಿಬಾ ಮರುಳಪ್ಪ" ಅಂದರು. ಪುಟ್ಟನರಸಮ್ಮನಿಗೆ ಮಾತ್ರ ತಡೆಯಲಾಗಲಿಲ್ಲ.

"ಬರೀ ಕಿರುಬೆರಳು ಕಣೇ ಗಂಗಾ, ಒಂಚೂರು!"

"ನರಸಮ್ಮಾ, ಕೈಲೇನೈತೆ ನೋಡಿದ್ಯಾ?"

"ನೋಡ್ದೆ. ಅದು ನನ್ನ ಲಟ್ಟಣಿಗೆ ಅಲ್ವೇನೇ?"

ನಿಜ, ಅದು ಅವಳ ಸೀಳುಬಿಟ್ಟದ್ದೇ. ಆದರೆ ಆ ಗದ್ದಲದಲ್ಲಿ ಯಜಮಾನರು ಬಸ್ಸು ಹತ್ತಿಯಾಗಿತ್ತು.

ಆ ಸಲ ಸೂಜಿ ಹಾಕಿದರು, ರಕ್ತ ತೆಗೆದರು. ಫಲಿತಾಂಶ ಬಂದ ದಿನ ಡಾಕ್ಟ್ರಮ್ಮ ಕಾಗದ ತಿರುವುತ್ತ, "ಒಲೆಗಳು ಹೆಚ್ಚಿನವು ಇವರ ಸ್ವಂತದ್ದೇ. ಗಡ್ಡೆ ದಾಟಿಸಿರೋ ಕೆಟ್ಟವು ಸ್ವಲ್ಪ ಇವೆ, ಬಹಳ ಇಲ್ಲ" ಅಂದಳು.

"ಅಂದ್ರೆ ವಾಸಿ ಆಗುತ್ತೋ ಇಲ್ವೋ?"

"ಹಿಡಿಯೋ ಸಂಭವ ಹೆಚ್ಚು."

"ಸಂಭವ ಬೇಡ ಡಾಕ್ಟ್ರಮ್ಮ. ಹೂಂ ಅಥವಾ ಊಹೂಂ."

ಅವಳು ಕಾಗದ ಕೆಳಗಿಟ್ಟಳು. "ಅಮ್ಮಾ, ಬೆಳಿಗ್ಗೆ ಹಪ್ಪಳ ಒಣಗೋಕೆ ಹಾಕುವಾಗ ಏನು ಮಾಡ್ತೀರಿ?"

"ಮೋಡ ನೋಡ್ತೀನಿ, ಗಾಳಿ ನೋಡ್ತೀನಿ."

"ಒಂದು ಸಲಾನೂ ನೆಂದಿಲ್ವಾ?"

"ನೆಂದೈತೆ."

"ಅದಕ್ಕೆ ನೋಡೋದು ಬಿಟ್ರಾ?"

ಮಾಳಿಗೆ ಮೇಲೆ ಹರಡುವ ಹಪ್ಪಳವಾದರೆ ನೆಂದರೆ ನಾಯಿಗೆ ಹಾಕಬಹುದು. ಇದು ಹಾಗಲ್ಲವಲ್ಲ. ಆದರೂ ಆಕಾಶ ನೋಡದೆ ಹರಡುವವಳಿಗಿಂತ ನೋಡಿ ಹರಡುವವಳು ಮೇಲು. ಯಜಮಾನರ ಮುಖ ನೋಡಿದೆ. ಅವರು, "ಹಾಕಮ್ಮ ತಾಯಿ, ನನ್ನೊಳಗಿರೋ ಸೋಮಾರಿಗಳು ಏಳ್ಲಿ" ಅಂತ ತೋಳು ಚಾಚಿದರು.

ಡ್ರಿಪ್ ಶುರುವಾಯಿತು. ಮೂರು ವಾರಕ್ಕೊಂದು. ಕೆಮ್ಮು ಸ್ವಲ್ಪ ಇಳಿದ ಹಾಗಿತ್ತು, ಆದರೆ ಒಂದೊಂದು ಡ್ರಿಪ್ಪಿಗೂ ಇವರ ಅಂಗೈ ಇನ್ನಷ್ಟು ತಣ್ಣಗಾಗುತ್ತಾ ಹೋಯಿತು. ಮೊದಲು ಮಳೆಗಾಲದ ಹೆಂಚಿನ ಹಾಗೆ, ಆಮೇಲೆ ನೀರಿನ ಕೊಡದ ಹಾಗೆ. ಊರಿನವರು ನೋಡಿದರು. ಬುದ್ಧಿವಂತರು ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಎಲ್ಲರೂ ಇವರ ಮುಂದೆ ಇದ್ದಕ್ಕಿದ್ದಂತೆ ಮೆತ್ತಗೆ ಮಾತಾಡಲು ಶುರು ಮಾಡಿದರು. ಹೋಟೆಲಿನವನು ಕೇಳದೆಯೇ ಎರಡು ವಡೆ ಕಳಿಸಿದ. ಇವರ ಚಿಕ್ಕಪ್ಪನ ಮಗನೊಬ್ಬ ಬಂದು ಹೊಂಗೆ ಮರದ ನೆರಳು ಮಧ್ಯಾಹ್ನ ಎಲ್ಲಿಯವರೆಗೆ ಬರುತ್ತದೆ ಅಂತ ವಿಚಾರಿಸಿದ. ಪಟೇಲರು, "ಮರುಳಪ್ಪನಂಥ ಇಸ್ತ್ರಿಯೋನು ಈ ಊರಿಗೆ ಹಿಂದೆ ಹುಟ್ಟಿರ್ಲಿಲ್ಲ" ಅಂದುಬಿಟ್ಟರು.

"ಪಟೇಲ್ರೇ, ನಾನಿನ್ನೂ ಇಲ್ಲೇ ಇವ್ನಿ" ಅಂದರು ಯಜಮಾನರು.

"ಹೂಂ, ಅದೇ, ಹುಟ್ಟಿರ್ಲಿಲ್ಲ ಅಂದೆ, ಅಷ್ಟೇ."

ನಾನು ನಗಾಡಿದೆ. ಆದರೆ ಒಂದು ಮಧ್ಯಾಹ್ನ ಕಾಫಿ ಲೋಟ ವಾಪಸ್ಸು ಕೊಡುವಾಗ ಇವರ ಬೆರಳು ತಗುಲಿತು. ಅತ್ತೆಯವರ ಕೈಯನ್ನು ಕಡೆಯ ಸಲ ಮುಟ್ಟಿದಾಗಲೂ ಅಷ್ಟೊಂದು ತಣ್ಣಗಿರಲಿಲ್ಲ. ಮಾಳಿಗೆಗೆ ಹೋಗಿ ಹಪ್ಪಳದ ಸಾಲುಗಳ ನಡುವೆ ಕೂತು ಅತ್ತುಬಿಟ್ಟೆ. ಮೋಡ ನೋಡಿ ಹರಡಿದ್ದೆ, ನೆಂದೇಹೋಯಿತು ಅನ್ನಿಸಿತು. ಕೆಳಗೆ ಬಂದಾಗ, "ಕಣ್ಣು ಯಾಕೆ ಕೆಂಪಗೈತೆ?" ಅಂದರು. "ಖಾರದ ಹಪ್ಪಳ" ಅಂದೆ. "ಇವತ್ತು ಹರಡಿದ್ದು ಅಕ್ಕಿ ಹಪ್ಪಳ ಅಲ್ವೇನೇ" ಅಂದರು.

ಮತ್ತೆ ಫೋಟೋ ತೆಗೆಸುವ ದಿನ ಬಂತು. ಡಾಕ್ಟರ್ ತಬಸ್ಸುಮ್ ಹಳೆಯ ಫೋಟೋ ಹೊಸ ಫೋಟೋ ಎರಡನ್ನೂ ಬೆಳಕಿನ ಗಾಜಿಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ನಮ್ಮ ಕಡೆ ತಿರುಗದೆಯೇ, "ಅಮ್ಮಾ, ಇಲ್ಲಿ ಬನ್ನಿ" ಅಂದಳು. ಹೋದೆ. ನಿಂಬೆಹಣ್ಣಿದ್ದ ಜಾಗದಲ್ಲಿ ಹುಣಸೆಬೀಜದಷ್ಟು ಬಿಳಿ ಚುಕ್ಕೆ.

"ಪೂರ್ತಿ ಹೋಗಿಲ್ಲ. ಡ್ರಿಪ್ ನಿಲ್ಲಿಸೋ ಹಾಗಿಲ್ಲ, ನೋಡ್ತಾನೇ ಇರಬೇಕು. ಆದರೆ ಹಿಡಿದಿದೆ ಅಮ್ಮ. ಚೆನ್ನಾಗಿ ಹಿಡಿದಿದೆ." ಅವಳ ಕಣ್ಣೂ ಖಾರದ ಹಪ್ಪಳ ತಿಂದವರ ಹಾಗಿತ್ತು.

"ಮತ್ತೆ ಇವರ ಕೈ?" ಅಂದೆ. "ತಣ್ಣಗಾದ್ರೆ ನಮ್ಮಲ್ಲಿ ಆಯ್ತು ಅಂತ ಅರ್ಥ."

ಡಾಕ್ಟ್ರಮ್ಮ ಇವರ ಅಂಗೈ ಹಿಡಿದು, ತಿರುಗಿಸಿ, ಉಗುರು ನೋಡಿದಳು. "ಯಾಕೆ ಅಂತ ನನಗೆ ಗೊತ್ತಿಲ್ಲ. ಗೊತ್ತಿರೋ ಹಾಗೆ ನಟಿಸೋದೂ ಇಲ್ಲ. ರಕ್ತ ಸರಿಯಾಗಿ ಓಡ್ತಿದೆ, ಶ್ವಾಸ ಸರಿಯಾಗಿದೆ. ನಮ್ಮಲ್ಲಿ ಇದಕ್ಕೆ ಆರೋಗ್ಯವಂತರ ಕೈ ಅಂತಾರೆ."

ಯಜಮಾನರು ಎರಡೂ ಕೈ ಚಾಚಿ ನೋಡಿಕೊಂಡರು. "ಹಂಗಾದ್ರೆ ನಾನು ಉಳ್ಕೊಂಡೆ, ಇಸ್ತ್ರಿ ಸತ್ತೋಯ್ತು." ಇದ್ದ ಕಾವೆಲ್ಲ ಒಳಗೆ ಕೆಲಸಕ್ಕೆ ಹೋಗಿದೆ, ಹೊರಗೆ ಪಂಚೆ ಉಜ್ಜಲು ಅದಕ್ಕೆ ಪುರುಸೊತ್ತಿಲ್ಲ ಅಂತ ನಾನು ಹೇಳಿದೆ. ಸಂತೋಷಪಡಬೇಕೋ ಬೇಸರಪಡಬೇಕೋ ತಿಳಿಯದೆ ಬಸ್ ನಿಲ್ದಾಣದ ತನಕ ಇವರು ಬೆರಳು ಮಡಿಚಿ ಬಿಚ್ಚಿ ಮಾಡುತ್ತಾ ನಡೆದರು.

ದೊಡ್ಡೂರಿನ ಬಸ್ ನಿಲ್ದಾಣದಲ್ಲಿ ಒಬ್ಬಾಕೆ ಬುಟ್ಟಿಯಲ್ಲಿ ಮಲ್ಲಿಗೆ ಇಟ್ಟುಕೊಂಡು ಕೂತಿದ್ದಳು. ನಮ್ಮೂರಿನ ಹೆಂಗಸರು ಹೂವು ಮುಡಿಯುವುದಿಲ್ಲ. ಮುಡಿಯಬಾರದು ಅಂತಲ್ಲ, ನಮ್ಮ ಕೈಗೆ ಬಂದ ಹೂವು ತಲೆಗೆ ಏರುವಷ್ಟರಲ್ಲಿ ಬೇಯಿಸಿದ ಸೊಪ್ಪಿನ ಹಾಗಾಗುತ್ತದೆ. ದೇವರಿಗೂ ನಾವು ಏರಿಸುವುದು ಹಿತ್ತಾಳೆ ಹೂವು. ಯಜಮಾನರು ಬುಟ್ಟಿಯ ಮುಂದೆ ನಿಂತರು. ಅಭ್ಯಾಸಬಲದಿಂದ ಒಂದು ಹೂವನ್ನು ಅಂಜುತ್ತಾ ಎತ್ತಿಕೊಂಡರು. ಅದು ಅಂಗೈ ಮೇಲೆ ಹಾಗೇ ಕೂತಿತು. ಬೆಳ್ಳಗೆ, ಗಟ್ಟಿಯಾಗಿ. ಇವರು ಅದನ್ನೇ ನೋಡುತ್ತಾ ನಿಂತುಬಿಟ್ಟರು, ಹೂವಿನಾಕೆ "ಮೊಳ ಬೇಕಾ ಅಣ್ಣ, ಇಲ್ಲಾ ಒಂದೇ ಹೂವಾ?" ಅಂತ ಗದರಿದಳು.

ಒಂದು ಮೊಳ ಕೊಂಡರು. ಬಸ್ಸಿನಲ್ಲಿ ಬಟ್ಟಲು ಮಾಡಿದ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು, ಗುಂಡಿ ಬಂದಾಗ ಮೊಣಕೈ ಎತ್ತಿದರು. ನಾನು ಕಿಟಕಿಯ ಕಡೆ ಸರಿದು, ಆದಷ್ಟು ದೂರ ಕೂತೆ. ಊರು ಬಂತು. ಹೊಂಗೆ ಮರದಡಿ ಕೆಟ್ಟ ಸುದ್ದಿ ಕೇಳಲು ಅರ್ಧ ಊರು ಸೇರಿತ್ತು. ಪಟೇಲರೂ ಇದ್ದರು, ಪುಟ್ಟನರಸಮ್ಮ ಸೆರಗಿನ ತುದಿ ಸಿದ್ಧವಾಗಿ ಹಿಡಿದಿದ್ದಳು. ಗಡ್ಡೆ ಹುಣಸೆಬೀಜದಷ್ಟಾಗಿದೆ ಅಂತ ನಾನು ಹೇಳುತ್ತಿರುವಾಗಲೇ ಇವರು, "ತಿರುಕ್ಕೊಳ್ಳೇ" ಅಂದರು.

"ಇಲ್ಲೇನ್ರೀ? ಬೀದೀಲಿ?"

"ಮನೆಗೋಗೋ ತಂಕ ಬಾಡಿದ್ರೆ?"

ಮದುವೆಯಾಗಿ ಇಷ್ಟು ವರ್ಷಕ್ಕೆ ನಾಲ್ಕು ಜನರೆದುರು ನನ್ನ ಹೆಸರು ಕೂಡ ಹಿಡಿದು ಕರೆಯದ ಮನುಷ್ಯ, ಊರಿನ ಮುಂದೆ ನನ್ನ ತುರುಬಿಗೆ ಕೈ ಹಾಕಿದರು. ಕತ್ತಿನ ಹಿಂದೆ ಬೆರಳು ತಗುಲಿ ಮೈ ಜುಮ್ಮೆಂದಿತು. ಪುಟ್ಟನರಸಮ್ಮ ಸೆರಗು ಕೈಬಿಟ್ಟು ಹತ್ತಿರ ಬಂದು ಮೂಸಿದಳು. "ಮರುಳಪ್ಪಣ್ಣ, ನಾಳೆ ನಂಗೂ ಒಂದು ಮೊಳ ತಂದು ಮುಡಿಸ್ತೀಯಾ?"

"ತಂದುಕೊಡ್ತೀನಿ. ಮುಡಿಸಾಕಿಲ್ಲ" ಅಂದರು ಯಜಮಾನರು, ಮತ್ತು ನನಗೆ, "ಅಲ್ಲಾಡಬ್ಯಾಡ ಕಣೇ. ಥೂ, ಸೊಟ್ಟಗಾಯ್ತು."

ಎಡಗಿವಿಯ ಕಡೆಗೆ ವಾಲಿ ಇಳಿಬಿದ್ದಿದೆ ಅಂತ ನನಗೂ ಗೊತ್ತಾಗುತ್ತಿತ್ತು. ಸರಿಮಾಡಿಕೊಳ್ಳೋಣವೆಂದರೆ ನಾನು ಕೈ ಹಾಕುವ ಹಾಗಿಲ್ಲ. "ಇರ್ಲಿ ಬಿಡಿ" ಅಂದು, ಸೊಟ್ಟಗೇ ಮುಡಿದುಕೊಂಡು, ಮನೆಯ ತನಕ ನಿಧಾನವಾಗಿ ನಡೆದೆ.